ಕಿಟ್ ಬಿಯರ್: ಮೊದಲ 23 ಲೀಟರ್ ಕೆಡದಂತೆ ಮಾಡುವುದು ಹೇಗೆ

ಮೆಲ್ಬರ್ನ್, ಸಿಡ್ನಿ, ಅಡಿಲೇಡ್ ಕಡೆ ಇರುವ ಕನ್ನಡದವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: ಸೂಪರ್ ಮಾರ್ಕೆಟ್‌ನಲ್ಲಿ ಬಿಯರ್ ಮಾಡುವ ಟಿನ್ (ಇದನ್ನೇ ಕಿಟ್ ಎನ್ನುವುದು) ಇಟ್ಟಿರುತ್ತಾರಲ್ಲ, ಅದರಿಂದ ನಿಜವಾಗಿಯೂ ಕುಡಿಯುವ ಹಾಗಿರುವ ಬಿಯರ್ ಆಗುತ್ತಾ? ಆಗುತ್ತದೆ. ಟಿನ್ ಜೊತೆ ಬರುವ ಚೀಟಿಯಲ್ಲಿ ಹೇಗೆ ಮಾಡುವುದು ಅಂತ ಬರೆದೇ ಇರುತ್ತದೆ. ಹಾಗಿದ್ದೂ ಎಷ್ಟೋ ಜನ ಒಂದು ಸಲ ಮಾಡಿ, "ಏನೋ ವಾಸನೆ ಮಾರಾಯ" ಅಂತ ಸಿಂಕಿಗೆ ಸುರಿದು, ಹುದುಗಿಸುವ ಡ್ರಮ್ಮನ್ನು ಗ್ಯಾರೇಜಿನ ಮೂಲೆಗೆ ತಳ್ಳಿಬಿಡುತ್ತಾರೆ. ತಪ್ಪು ಟಿನ್ನಿನದಲ್ಲ. ಪಾತ್ರೆ ಶುಚಿಯಾಗಿರಲಿಲ್ಲ, ಇಲ್ಲವೇ ಹುದುಗುವಾಗ ಬಿಸಿ ಜಾಸ್ತಿಯಾಗಿತ್ತು. ಬಹುತೇಕ ಈ ಎರಡರಲ್ಲಿ ಒಂದು. ಅದಕ್ಕೇ ಕೆಳಗೆ ಆ ಎರಡಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ, ಉಳಿದದ್ದನ್ನು ಬೇಗ ಮುಗಿಸಿದ್ದೇನೆ.

ಮೊದಲು ಕಾನೂನು. ಆಸ್ಟ್ರೇಲಿಯಾದಲ್ಲಿ ದೊಡ್ಡವರು ಮನೆ ಬಳಕೆಗೆ ಬಿಯರ್ ಮಾಡಿಕೊಳ್ಳಬಹುದು, ಲೈಸೆನ್ಸ್ ಬೇಡ. ಆದರೆ ಮಾರುವ ಹಾಗಿಲ್ಲ, ಭಟ್ಟಿ ಇಳಿಸುವ ಹಾಗಂತೂ ಇಲ್ಲವೇ ಇಲ್ಲ. ಬ್ರಿಟನ್‌ನಲ್ಲಿ 1963ರಿಂದ ಲೈಸೆನ್ಸ್ ಬೇಕಿಲ್ಲ. ಅಮೆರಿಕದಲ್ಲಿ 1978ರಲ್ಲಿ ಕೇಂದ್ರದ ಕಾನೂನು ಬದಲಾಯಿತು, ಆದರೂ ಮಿಸಿಸಿಪ್ಪಿ ಮತ್ತು ಅಲಬಾಮ ಒಪ್ಪಿದ್ದು 2013ರಲ್ಲಿ. ಕರ್ನಾಟಕದಲ್ಲಿ 1965ರ ಅಬಕಾರಿ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ, ಬಿಯರ್ ಆದರೂ ಅಷ್ಟೇ. ಹಾಗಾಗಿ ರಜೆಗೆ ಊರಿಗೆ ಹೋಗುವಾಗ ಅಣ್ಣನಿಗೆ ಅಂತ ಸೂಟ್‌ಕೇಸಿನಲ್ಲಿ ಟಿನ್ ಹಾಕಿಕೊಂಡು ಹೋಗಬೇಡಿ. ಕುವೈತ್, ಸೌದಿಯಲ್ಲಿ ಇರುವವರು ಈ ಲೇಖನ ಓದಿ ಸುಮ್ನೆ ಮರೆತುಬಿಡಿ.

ಇನ್ನೊಂದು ಭಯ ನಮ್ಮ ಕಡೆಯವರಿಗೆ ಸಹಜ. 1981ರಲ್ಲಿ ಬೆಂಗಳೂರಿನಲ್ಲಿ, ಮತ್ತೆ 2008ರಲ್ಲಿ ಕಳ್ಳಭಟ್ಟಿ ಕುಡಿದು ಜನ ಸತ್ತದ್ದನ್ನು ಕೇಳಿ ಬೆಳೆದವರು ನಾವು. ಮನೆಯಲ್ಲಿ ಮಾಡಿದ್ದು ಅಂದ ಕೂಡಲೇ "ಕಣ್ಣು ಹೋಗಲ್ವಾ?" ಅಂತ ಅಮ್ಮ ಫೋನಿನಲ್ಲೇ ಗಾಬರಿಯಾಗುತ್ತಾರೆ. ಆ ಸಾವುಗಳಿಗೆ ಕಾರಣ ಮೀಥೈಲ್ ಆಲ್ಕೋಹಾಲ್, ಅದನ್ನು ಸಾರಾಯಿಗೆ ಬೆರೆಸಿದ್ದರು. ಬಾರ್ಲಿಯ ಸಕ್ಕರೆಯನ್ನು ಯೀಸ್ಟ್ ಹುದುಗಿಸಿದಾಗ ಬರುವ ಬಿಯರಿನಲ್ಲಿ ಅದು ಇದ್ದರೂ ತೀರಾ ಅತ್ಯಲ್ಪ, ಅಂಗಡಿ ಬಿಯರಿನಲ್ಲಿ ಇರುವಷ್ಟೇ. ಇಲ್ಲಿ ನಾವು ಏನನ್ನೂ ಭಟ್ಟಿ ಇಳಿಸುತ್ತಿಲ್ಲ. ಕಿಟ್ ಬಿಯರಿನಲ್ಲಿ ನಿಜವಾಗಿಯೂ ಎಚ್ಚರ ಬೇಕಾದದ್ದು ಬಾಟಲಿ ಒಡೆಯುವ ವಿಷಯದಲ್ಲಿ. ಅದು ಕೆಳಗೆ ಬರುತ್ತದೆ.

ಟಿನ್ನಿನೊಳಗೆ ಏನಿದೆ?

ಸಾಮಾನ್ಯ ಟಿನ್ 1.7 ಕೆಜಿ ತೂಗುತ್ತದೆ. ಒಳಗಿರುವುದು ಜೋನಿಬೆಲ್ಲದಷ್ಟು ಗಟ್ಟಿಯಾದ ಕಂದು ಪಾಕ. ಬಾರ್ಲಿಯನ್ನು ಮೊಳಕೆ ಬರಿಸಿ ಒಣಗಿಸಿದರೆ ಅದು ಮಾಲ್ಟ್. ಮಾಲ್ಟನ್ನು ಬಿಸಿ ನೀರಿನಲ್ಲಿ ನೆನೆಸಿ ಸಿಹಿ ರಸ ಇಳಿಸಿ, ಕಹಿ ಮತ್ತು ಪರಿಮಳಕ್ಕೆ ಹಾಪ್ಸ್ ಎಂಬ ಬಳ್ಳಿಯ ಹೂವು ಸೇರಿಸಿ, ನೀರನ್ನೆಲ್ಲ ಇಂಗಿಸಿದರೆ ಈ ಪಾಕ. ಅಂದರೆ ಬಿಯರ್ ಮಾಡುವವನ ಅತಿ ಕಷ್ಟದ ಅರ್ಧ ದಿನದ ಕೆಲಸವನ್ನು ಕಂಪನಿಯವರು ಆಗಲೇ ಮುಗಿಸಿ ಕೊಟ್ಟಿದ್ದಾರೆ. ಯೀಸ್ಟಿನ ಪುಟ್ಟ ಪೊಟ್ಟಣ ಪ್ಲಾಸ್ಟಿಕ್ ಮುಚ್ಚಳದ ಕೆಳಗೆ ಇರುತ್ತದೆ. ಇಲ್ಲಿ ಎಲ್ಲೆಲ್ಲೂ ಸಿಗುವುದು ಅಡಿಲೇಡಿನ ಕೂಪರ್ಸ್ ಕಂಪನಿಯದು. 1862ರಿಂದ ಬಿಯರ್ ಮಾಡುತ್ತಿರುವ ಮನೆತನ ಅದು. ಬ್ರಿಟನ್‌ನಲ್ಲಿರುವವರಿಗೆ ಮಂಟನ್ಸ್ ಸಿಗುತ್ತದೆ. ಕ್ರಮ ಎಲ್ಲದಕ್ಕೂ ಒಂದೇ.

ಯಾವ ಟಿನ್ ತಗೊಳ್ಳಲಿ ಅಂತ ಕೇಳಿದರೆ, ಮೊದಲ ಸಲ ಲಾಗರ್ ಬೇಡ ಎನ್ನುತ್ತೇನೆ. ಎಲ್ಲರಿಗೂ ಕಿಂಗ್‌ಫಿಶರ್ ತರಹದ್ದೇ ಬೇಕು, ಗೊತ್ತು. ಆದರೆ ಅಂಥ ತೆಳು, ತಿಳಿ ಬಿಯರಿನಲ್ಲಿ ಸಣ್ಣ ದೋಷವೂ ನಾಲಿಗೆಗೆ ಸಿಕ್ಕಿಬೀಳುತ್ತದೆ. ಅದೂ ಅಲ್ಲದೆ ಲಾಗರ್ ಅಂತ ಬರೆದಿರುವ ಎಷ್ಟೋ ಟಿನ್‌ಗಳ ಜೊತೆ ಬರುವುದು ಏಲ್ ಯೀಸ್ಟ್, ಅಂದರೆ ಅಷ್ಟು ತಂಪು ಬೇಡದ ಬೇರೆ ಬಗೆಯ ಬಿಯರಿನ ಯೀಸ್ಟ್. ನಿಜವಾದ ಲಾಗರ್ ಯೀಸ್ಟಿಗೆ 10ರಿಂದ 13 ಡಿಗ್ರಿ ತಂಪು ವಾರಗಟ್ಟಲೆ ಬೇಕು, ಅದು ಫ್ರಿಜ್ ಇಲ್ಲದೆ ಆಗದ ಕೆಲಸ. ಪೇಲ್ ಏಲ್ ಅಥವಾ ಡಾರ್ಕ್ ಏಲ್ ಟಿನ್ ತಗೊಳ್ಳಿ. ಸ್ಟೌಟ್ ಎಂಬ ಕಪ್ಪು ಬಿಯರ್ ಇಷ್ಟಪಡುವವರು ಪುಣ್ಯವಂತರು, ಹುರಿದ ಮಾಲ್ಟಿನ ಘಾಟು ಬಹಳಷ್ಟು ತಪ್ಪುಗಳನ್ನು ಮುಚ್ಚಿಹಾಕುತ್ತದೆ.

ಏನೇನು ಬೇಕು?

ಫರ್ಮೆಂಟರ್, ಅಂದರೆ ಕೆಳಗೆ ನಲ್ಲಿ ಇರುವ 25-30 ಲೀಟರಿನ, ಆಹಾರ ಇಡಲು ಯೋಗ್ಯವಾದ ಪ್ಲಾಸ್ಟಿಕ್ ಡ್ರಮ್. ಹೈಡ್ರೋಮೀಟರ್, ಇದು ದ್ರವದಲ್ಲಿ ಎಷ್ಟು ಸಕ್ಕರೆ ಕರಗಿದೆ ಎಂದು ತೋರಿಸುವ ತೇಲುವ ಗಾಜಿನ ಕಡ್ಡಿ. ಡ್ರಮ್ಮಿಗೆ ಅಂಟಿಸುವ ಥರ್ಮಾಮೀಟರ್ ಪಟ್ಟಿ. ಉದ್ದ ಹಿಡಿಯ ಚಮಚ. 740 ಮಿಲಿಯ ಸುಮಾರು 30 ಬಾಟಲಿ. ಬಾಟಲಿ ತುಂಬುವ ಕೊಳವೆ. ಇವೆಲ್ಲ ಒಂದೇ ಪೆಟ್ಟಿಗೆಯಲ್ಲಿ ಸ್ಟಾರ್ಟರ್ ಕಿಟ್ ಅಂತ ಸಿಗುತ್ತವೆ. ಬೇಡವಾದವರು ಸೆಕೆಂಡ್ ಹ್ಯಾಂಡ್ ಮಾರುವುದೂ ಜಾಸ್ತಿ. ಹಳೆಯ ಡ್ರಮ್ ತಗೊಳ್ಳುವುದಾದರೆ ಒಳಗೆ ಕೈಯಾಡಿಸಿ ನೋಡಿ, ಗೀರು ಇದ್ದರೆ ಬೇಡ. ಆ ಗೀರಿನೊಳಗೆ ಕುಳಿತ ಬ್ಯಾಕ್ಟೀರಿಯಾವನ್ನು ಯಾವ ದ್ರಾವಣವೂ ಸರಿಯಾಗಿ ತಲುಪುವುದಿಲ್ಲ.

ಟಿನ್ ಜೊತೆಗೆ 1 ಕೆಜಿ ಸಕ್ಕರೆ ಅಂಶವೂ ಬೇಕು. ಇಲ್ಲಿಯವರು ಇದನ್ನೇ "ಕಿಟ್ ಅಂಡ್ ಕಿಲೋ" ಎನ್ನುವುದು. ಅಡುಗೆ ಸಕ್ಕರೆ ಹಾಕಿದರೂ ಆಲ್ಕೋಹಾಲ್ ಬರುತ್ತದೆ, ಆದರೆ ಬಿಯರ್ ನೀರುನೀರಾಗುತ್ತದೆ. ಬದಲಿಗೆ ಬ್ರೂ ಎನ್‌ಹಾನ್ಸರ್ ಎಂಬ 1 ಕೆಜಿ ಪೊಟ್ಟಣ ತಗೊಳ್ಳಿ. ಅದರಲ್ಲಿ ಡೆಕ್ಸ್ಟ್ರೋಸ್ ಎಂಬ ಸಕ್ಕರೆಯ ಜೊತೆ ಯೀಸ್ಟ್ ತಿನ್ನದೆ ಬಿಡುವ ಮಾಲ್ಟೋಡೆಕ್ಸ್ಟ್ರಿನ್, ಕೆಲವದರಲ್ಲಿ ಮಾಲ್ಟ್ ಪುಡಿಯೂ ಇರುತ್ತದೆ. ಬಾಯಿಗೆ ದಪ್ಪ ಎನಿಸುವುದು, ನೊರೆ ನಿಲ್ಲುವುದು ಅದರಿಂದ. ಕೆಲವೇ ಡಾಲರ್ ಹೆಚ್ಚು ಕೊಟ್ಟು ಸಿಗುವ ಸುಧಾರಣೆಗಳಲ್ಲಿ ಇದಕ್ಕಿಂತ ದೊಡ್ಡದು ಇಲ್ಲ.

ಹಂತ 1: ತೊಳೆಯುವುದು ಬೇರೆ, ಸ್ಯಾನಿಟೈಸ್ ಮಾಡುವುದು ಬೇರೆ

ಕಣ್ಣಿಗೆ ಕಾಣುವ ಕೊಳೆ ತೆಗೆಯುವುದು ತೊಳೆಯುವುದು. ಕಾಣದ ಸೂಕ್ಷ್ಮಜೀವಿಗಳನ್ನು ಕೊಲ್ಲುವುದು ಸ್ಯಾನಿಟೈಸ್ ಮಾಡುವುದು. ಮೊದಲನೆಯದು ಆಗದೆ ಎರಡನೆಯದು ಆಗುವುದಿಲ್ಲ.

ತೊಳೆಯಲು ಸೋಡಿಯಂ ಪರ್‌ಕಾರ್ಬೋನೇಟ್ ಎಂಬ ಕೊಳೆ ತೆಗೆಯುವ ಪುಡಿಯನ್ನು ಬಿಸಿ ನೀರಿಗೆ ಹಾಕಿ ಅರ್ಧ ಗಂಟೆ ನೆನೆಸಿಡಿ, ಆಮೇಲೆ ಮೆತ್ತನೆಯ ಬಟ್ಟೆಯಿಂದ ಒರೆಸಿ ನೀರಿನಲ್ಲಿ ಚೆನ್ನಾಗಿ ಜಾಲಿಸಿ. ಸ್ಟೀಲ್ ನಾರು, ಸ್ಕ್ರಬ್ಬರ್ ಹತ್ತಿರ ತರಬೇಡಿ. ಪರಿಮಳದ ಪಾತ್ರೆ ಸೋಪೂ ಬೇಡ, ಅದರ ಪಸೆ ಉಳಿದರೆ ಬಿಯರಿನ ನೊರೆ ನಿಲ್ಲುವುದಿಲ್ಲ. ಡ್ರಮ್ಮಿನ ನಲ್ಲಿಯನ್ನು ಪ್ರತಿ ಸಲವೂ ಬಿಚ್ಚಿ ತೊಳೆಯಿರಿ. ಬಿಚ್ಚಿದಾಗ ಒಳಗಿನ ಎಳೆಗಳಲ್ಲಿ ಹಿಂದಿನ ಸಲದ ಕಂದು ಗಸಿ ಅಂಟಿರುವುದು ಕಾಣುತ್ತದೆ. ಬಿಯರ್ ಪದೇ ಪದೇ ಹುಳಿಯಾಗುತ್ತಿದೆ ಎನ್ನುವವರ ಮನೆಯಲ್ಲಿ ನಾನು ಮೊದಲು ಬಿಚ್ಚಿಸುವುದು ಈ ನಲ್ಲಿಯನ್ನೇ.

ಸ್ಯಾನಿಟೈಸ್ ಮಾಡಲು ಸ್ಟಾರ್ ಸ್ಯಾನ್‌ನಂತಹ, ಮತ್ತೆ ತೊಳೆಯಬೇಕಿಲ್ಲದ ದ್ರಾವಣ ಅನುಕೂಲ. ಲೀಟರ್ ನೀರಿಗೆ 1.5 ಮಿಲಿ. ಸ್ಪ್ರೇ ಬಾಟಲಿಯಲ್ಲಿ ತುಂಬಿಟ್ಟುಕೊಂಡು ಡ್ರಮ್, ಮುಚ್ಚಳ, ಚಮಚ, ಯೀಸ್ಟ್ ಪೊಟ್ಟಣ, ಅದನ್ನು ಕತ್ತರಿಸುವ ಕತ್ತರಿ ಎಲ್ಲಕ್ಕೂ ಹೊಡೆದು ಎರಡು ನಿಮಿಷ ಒದ್ದೆಯಾಗಿರಲು ಬಿಡಿ. ನೊರೆ ಉಳಿದರೆ ಉಳಿಯಲಿ. ಅದನ್ನು ನಲ್ಲಿ ನೀರಿನಲ್ಲಿ ತೊಳೆದುಬಿಟ್ಟರೆ ಮಾಡಿದ್ದೆಲ್ಲ ದಂಡ. ಕ್ಲೋರಿನ್ ಇರುವ ಪುಡಿ ಬಳಸುವವರು ಮಾತ್ರ ಚೆನ್ನಾಗಿ ತೊಳೆಯಲೇಬೇಕು.

ನಮ್ಮ ಮನೆಗಳಿಗೆ ಮಾತ್ರ ಅನ್ವಯಿಸುವ ಒಂದು ಎಚ್ಚರಿಕೆ: ಬಿಯರ್ ಮಾಡುವ ದಿನ ಅದೇ ಕಟ್ಟೆಯ ಮೇಲೆ ಮೊಸರು ಕಡೆಯುವುದು, ದೋಸೆ ಹಿಟ್ಟು ರುಬ್ಬುವುದು ಬೇಡ. ಅವುಗಳಲ್ಲಿ ಇರುವ ಹುಳಿ ಬರಿಸುವ ಬ್ಯಾಕ್ಟೀರಿಯಾ ಹಿಟ್ಟಿಗೆ ಒಳ್ಳೆಯದು, ಬಿಯರಿಗೆ ಶತ್ರು. ಸಾಂಬಾರಿನ ಪ್ಲಾಸ್ಟಿಕ್ ಸೌಟು, ಹಳೆಯ ಉಪ್ಪಿನಕಾಯಿ ಡಬ್ಬಿ ಎಷ್ಟು ತೊಳೆದರೂ ವಾಸನೆ ಬಿಡುವುದಿಲ್ಲ. ಬಿಯರಿಗೆ ಬೇರೆಯದೇ ಇಟ್ಟುಕೊಳ್ಳಿ.

ಹಂತ 2: ಕಲಸುವುದು

ನೀರಿನಲ್ಲಿ ಕ್ಲೋರಿನ್ ವಾಸನೆ ಇದ್ದರೆ ಹೋಮ್ ಬ್ರೂ ಅಂಗಡಿಯಲ್ಲಿ ಸಿಗುವ ಕ್ಯಾಂಪ್ಡೆನ್ ಮಾತ್ರೆ ಅರ್ಧ ಪುಡಿ ಮಾಡಿ, ಬಳಸಲಿರುವ ಅಷ್ಟೂ ನೀರಿಗೆ ಹಾಕಿ ಕಲಕಿ. ಹಾಕದಿದ್ದರೆ ಕೆಲವು ಊರುಗಳ ನೀರಿನಲ್ಲಿ ಬಿಯರಿಗೆ ಆಸ್ಪತ್ರೆಯ ಗಾಯದ ಔಷಧಿಯ ವಾಸನೆ ಬರುತ್ತದೆ.

ಮುಚ್ಚಳ ತೆಗೆದು ಯೀಸ್ಟ್ ಪೊಟ್ಟಣವನ್ನು ಪಕ್ಕಕ್ಕಿಡಿ, ಮರೆತು ಅದರ ಸಮೇತ ಟಿನ್ ಬಿಸಿ ಮಾಡಿದರೆ ಯೀಸ್ಟ್ ಸಾಯುತ್ತದೆ. ಟಿನ್ನನ್ನು ಬಿಸಿ ನೀರಿನ ಪಾತ್ರೆಯಲ್ಲಿ ಹತ್ತು ನಿಮಿಷ ನಿಲ್ಲಿಸಿ, ಪಾಕ ಸಡಿಲವಾಗುತ್ತದೆ. ಫರ್ಮೆಂಟರಿಗೆ 2 ಲೀಟರ್ ಕುದಿ ನೀರು ಹಾಕಿ, ಪಾಕ ಮತ್ತು ಎನ್‌ಹಾನ್ಸರ್ ಸುರಿದು ಗಂಟು ಒಡೆಯುವವರೆಗೆ ಕಲಸಿ. ಪುಡಿ ಹಬೆಗೆ ಗಟ್ಟಿಯಾಗಿ ಉಂಡೆ ಕಟ್ಟುತ್ತದೆ, ಗಾಬರಿ ಬೇಡ, ತಾನೇ ಕರಗುತ್ತದೆ. ಟಿನ್ನಿನ ತಳದಲ್ಲಿ ಅಂಟಿದ್ದನ್ನು ಸ್ವಲ್ಪ ಬಿಸಿ ನೀರು ಹಾಕಿ ಜಾಲಿಸಿ ಸೇರಿಸಿ. ಟಿನ್ನಿನ ಅಂಚು ಬ್ಲೇಡಿನ ಹಾಗೆ ಇರುತ್ತದೆ, ಒಳಗೆ ಕೈ ಹಾಕಬೇಡಿ.

ಈಗ ತಣ್ಣೀರು. 20 ಲೀಟರಿನ ಗೆರೆಯವರೆಗೆ ಎತ್ತರದಿಂದ ಧುಮುಕುವ ಹಾಗೆ ಸುರಿಯಿರಿ, ಯೀಸ್ಟಿಗೆ ಶುರುವಿನಲ್ಲಿ ಆಮ್ಲಜನಕ ಬೇಕು. ಅಲ್ಲಿ ನಿಲ್ಲಿಸಿ ಥರ್ಮಾಮೀಟರ್ ನೋಡಿ, ಉಳಿದ 3 ಲೀಟರನ್ನು ತಂಪು ಅಥವಾ ಬೆಚ್ಚಗಿನ ನೀರಿನಿಂದ ಸರಿದೂಗಿಸಿ. ಗುರಿ 20 ಡಿಗ್ರಿ ಆಸುಪಾಸು. ಬೇಸಿಗೆಯಲ್ಲಿ ನಲ್ಲಿಯ ನೀರೇ ಬೆಚ್ಚಗಿರುತ್ತದೆ, ಹಿಂದಿನ ರಾತ್ರಿಯೇ ಐದಾರು ಲೀಟರ್ ನೀರನ್ನು ಫ್ರಿಜ್ಜಿನಲ್ಲಿಟ್ಟರೆ ಕೆಲಸಕ್ಕೆ ಬರುತ್ತದೆ. ಹುದುಗುವ ಮೊದಲಿನ ಈ ಸಿಹಿ ದ್ರವಕ್ಕೆ ವರ್ಟ್ ಎನ್ನುತ್ತಾರೆ.

ಡ್ರಮ್ಮಿನ ನಲ್ಲಿಯಿಂದ ಸ್ವಲ್ಪ ವರ್ಟ್ ಹಿಡಿದು ಹೈಡ್ರೋಮೀಟರ್ ತೇಲಿಸಿ. ಬರೀ ನೀರಿಗೆ 1.000 ತೋರಿಸುವ ಕಡ್ಡಿ ಇಲ್ಲಿ 1.038ರಿಂದ 1.042ರ ನಡುವೆ ಎಲ್ಲೋ ನಿಲ್ಲುತ್ತದೆ. ಗುಳ್ಳೆ ಅಂಟಿದ್ದರೆ ಕಡ್ಡಿಯನ್ನು ಬೆರಳಲ್ಲಿ ಒಮ್ಮೆ ತಿರುಗಿಸಿ ಓದಿ. ಬರೆದಿಟ್ಟುಕೊಳ್ಳಿ, ಡ್ರಮ್ಮಿನ ಮೇಲೆ ಟೇಪ್ ಅಂಟಿಸಿ ಅದರ ಮೇಲೇ ಬರೆದರೆ ಹುಡುಕಬೇಕಿಲ್ಲ. ಆಮೇಲೆ ಯೀಸ್ಟ್ ಉದುರಿಸಿ ಮುಚ್ಚಳ ಹಾಕಿ. ಗಾಳಿ ಹೊರಹೋಗುವ ದಾರಿ ಇರಲೇಬೇಕು. ಏರ್‌ಲಾಕ್ ಎಂಬ ನೀರು ತುಂಬಿದ ಕೊಳವೆ ಇದ್ದರೆ ಅದನ್ನು ಸಿಕ್ಕಿಸಿ, ಹೊಸ ಮಾದರಿಯ ಡ್ರಮ್ ಆದರೆ ಸಡಿಲ ಮುಚ್ಚಳವೇ ಸಾಕು. ಬಿಗಿಯಾಗಿ ಮುಚ್ಚಿದರೆ ಒತ್ತಡ ಕಟ್ಟುತ್ತದೆ.

ಹಂತ 3: 18ರಿಂದ 20 ಡಿಗ್ರಿ

ಕೆಲವು ಚೀಟಿಗಳಲ್ಲಿ 27 ಡಿಗ್ರಿಯವರೆಗೂ ನಡೆಯುತ್ತದೆ ಅಂತ ಇರುತ್ತದೆ. ಯೀಸ್ಟ್ ಬದುಕುತ್ತದೆ, ನಿಜ. ಬರುವ ರುಚಿ ಮಾತ್ರ ಬೇರೆ. ಬಿಸಿಯಲ್ಲಿ ಯೀಸ್ಟ್ ಅವಸರಕ್ಕೆ ಬಿದ್ದು ಬಾಳೆಹಣ್ಣಿನ, ಇನ್ನೂ ಬಿಸಿಯಾದರೆ ಪೇಂಟ್ ಥಿನ್ನರಿನ ವಾಸನೆ ಕೊಡುವ ವಸ್ತುಗಳನ್ನು ಬಿಡುತ್ತದೆ. ಹೋಮ್ ಬ್ರೂ ಅಂದರೆ ತಲೆನೋವು ಎಂಬ ಕೆಟ್ಟ ಹೆಸರು ಬಂದಿರುವುದರಲ್ಲಿ ಇದರ ಪಾಲು ದೊಡ್ಡದು. ಇಡ್ಲಿ ಹಿಟ್ಟು ಉಬ್ಬುವುದಿಲ್ಲ ಅಂತ ಓವನ್ ದೀಪ ಹಾಕಿ ಇಡುತ್ತೀರಲ್ಲ, ಹಿಟ್ಟು ಉಬ್ಬದ ಆ ತಂಪು ಹವೆಯೇ ಬಿಯರಿಗೆ ಹಿತ. ಮೆಲ್ಬರ್ನಿನಲ್ಲಿ ಏಪ್ರಿಲ್-ಮೇ, ಸೆಪ್ಟೆಂಬರ್-ಅಕ್ಟೋಬರ್ ಶುರು ಮಾಡಲು ಒಳ್ಳೆಯ ಕಾಲ. ಜನವರಿಯಲ್ಲಿ ಮೊದಲ ಬ್ಯಾಚ್ ಹಾಕಲು ಹೋಗಬೇಡಿ.

ಹುದುಗುವಾಗ ದ್ರವವೇ ಬಿಸಿ ಹುಟ್ಟಿಸುತ್ತದೆ, ಕೋಣೆಗಿಂತ ಎರಡು ಮೂರು ಡಿಗ್ರಿ ಹೆಚ್ಚು ಇರುತ್ತದೆ ಎಂಬುದನ್ನು ಲೆಕ್ಕಕ್ಕೆ ತಗೊಳ್ಳಿ. ಗೋಡೆಯ ಥರ್ಮಾಮೀಟರ್ ಅಲ್ಲ, ಡ್ರಮ್ಮಿನ ಪಟ್ಟಿ ನೋಡಬೇಕು. ಸೆಖೆ ಇದ್ದರೆ ದುಡ್ಡಿಲ್ಲದ ಉಪಾಯ ಒಂದಿದೆ: ಡ್ರಮ್ಮನ್ನು ಅಗಲವಾದ ಪ್ಲಾಸ್ಟಿಕ್ ಟಬ್ಬಿನಲ್ಲಿ ಇಟ್ಟು, ಟಬ್ಬಿಗೆ ಗೇಣುದ್ದ ನೀರು ತುಂಬಿ, ಡ್ರಮ್ಮಿಗೆ ಹಳೆಯ ದೊಡ್ಡ ಟೀ ಶರ್ಟ್ ತೊಡಿಸಿ ಅದರ ಅಂಚು ನೀರಿನಲ್ಲಿ ಮುಳುಗಿರುವ ಹಾಗೆ ಬಿಡಿ. ಬಟ್ಟೆ ನೀರು ಹೀರಿ ಮೇಲಕ್ಕೆಳೆದು ಆರುತ್ತಾ ಡ್ರಮ್ಮನ್ನು ತಂಪಾಗಿಡುತ್ತದೆ. ಬೆಳಿಗ್ಗೆ ಒಂದು, ಸಂಜೆ ಒಂದು ಐಸ್ ಕಟ್ಟಿದ ನೀರಿನ ಬಾಟಲಿಯನ್ನು ಟಬ್ಬಿಗೆ ಹಾಕಿ. ಚಳಿಗಾಲದಲ್ಲಿ ಉಲ್ಟಾ, ಹೀಟ್ ಬೆಲ್ಟ್ ಎಂಬ ಬಿಸಿ ಮಾಡುವ ಕರೆಂಟಿನ ಪಟ್ಟಿ ಸುತ್ತಿ ಅಥವಾ ಮನೆಯ ನಡುವಿನ ಕಪಾಟಿನಲ್ಲಿಡಿ. ಬಾಡಿಗೆ ಮನೆಯಾದರೆ ಕಾರ್ಪೆಟ್ ಮೇಲೆ ಬೇಡವೇ ಬೇಡ, ಲಾಂಡ್ರಿ ಅಥವಾ ಬಾತ್‌ರೂಮು ಸರಿ. ನೊರೆ ಉಕ್ಕಿ ಹೊರಬಂದರೆ ಬಾಂಡ್ ದುಡ್ಡು (ಮನೆಯ ಅಡ್ವಾನ್ಸ್) ಹೋಗುತ್ತದೆ.

ಒಂದು ದಿನದೊಳಗೆ ಮೇಲೆ ಕೆನೆಯಂತಹ ನೊರೆ ಏಳುತ್ತದೆ, ಕಂದು ಗಸಿ ಚುಕ್ಕೆಗಳೂ ಇರುತ್ತವೆ. ಇದು ಕ್ರಾಯ್ಸೆನ್, ಆರೋಗ್ಯದ ಲಕ್ಷಣ. "ಬೂಷ್ಟು ಬಂದಿದೆ" ಅಂತ ಫೋಟೋ ಕಳಿಸುವವರಲ್ಲಿ ಹೆಚ್ಚಿನವರದ್ದು ಇದೇ. ಕೊಳೆತ ಮೊಟ್ಟೆಯ ವಾಸನೆ ಬಂದರೂ ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಹೋಗುತ್ತದೆ. ಏರ್‌ಲಾಕ್ ಗುಳುಗುಳು ಅನ್ನುತ್ತಿಲ್ಲ ಎಂದು ಮತ್ತೆ ಯೀಸ್ಟ್ ಹಾಕಬೇಡಿ, ಮುಚ್ಚಳದ ಸಂದಿಯಿಂದ ಗಾಳಿ ಹೋಗುತ್ತಿರಬಹುದು. ನೊರೆಯ ಗೆರೆ ಡ್ರಮ್ಮಿನ ಗೋಡೆಗೆ ಅಂಟಿದೆಯಾ, ಹೈಡ್ರೋಮೀಟರ್ ಕಡ್ಡಿಯ ಅಂಕೆ ಇಳಿದಿದೆಯಾ, ಅಷ್ಟು ನೋಡಿ. ಸುಮ್ನೆ ಸುಮ್ನೆ ಮುಚ್ಚಳ ತೆಗೆದು ಇಣುಕುವುದು ಬೇಡ.

ಟಿನ್ ರುಚಿಗಿಂತ ಒಂದು ಮೆಟ್ಟಿಲು ಮೇಲೆ ಹೋಗಬೇಕು ಎನ್ನುವವರು ಐದಾರನೇ ದಿನ 25 ಗ್ರಾಂ ಹಾಪ್ಸ್ ಗುಳಿಗೆ ಹಾಕಿ ನೋಡಿ. ಆಸ್ಟ್ರೇಲಿಯಾದ್ದೇ ಗ್ಯಾಲಕ್ಸಿ, ಅಮೆರಿಕದ ಕ್ಯಾಸ್ಕೇಡ್ ಎರಡೂ ಸುಲಭವಾಗಿ ಸಿಗುತ್ತವೆ. ಮನೆಯಲ್ಲಿ ನಾಯಿ ಇದ್ದರೆ ಹಾಪ್ಸನ್ನೂ, ತಳದ ಗಸಿಯನ್ನೂ ಅದಕ್ಕೆ ಸಿಗದ ಹಾಗೆ ಮಾಡಿ. ನಾಯಿಗೆ ಹಾಪ್ಸ್ ವಿಷ.

ಹಂತ 4: ಮುಗಿದಿದೆಯಾ?

ಚೀಟಿ ನಾಲ್ಕರಿಂದ ಏಳು ದಿನ ಅಂದರೂ ಎರಡು ವಾರ ಬಿಡಿ. ಯೀಸ್ಟ್ ಸಕ್ಕರೆ ತಿಂದು ಮುಗಿಸಿದ ಮೇಲೂ ತಾನೇ ಬಿಟ್ಟ ಕೆಲವು ಕೆಟ್ಟ ವಾಸನೆಗಳನ್ನು ಶುಚಿ ಮಾಡುತ್ತದೆ. ಅವಸರಕ್ಕೆ ತುಂಬಿದ ಬಿಯರಿನಲ್ಲಿ ಹಸಿ ಸೇಬಿನ ವಾಸನೆ ಬರುವುದು ಈ ಕೆಲಸ ಅರ್ಧಕ್ಕೆ ನಿಂತಿದ್ದರಿಂದ.

ಕಡ್ಡಿ ಸುಮಾರು 1.008ರಿಂದ 1.012ರ ನಡುವೆ ಬಂದಿದ್ದು, ಎರಡು ದಿನ ಬಿಟ್ಟು ನೋಡಿದಾಗಲೂ ಅಷ್ಟೇ ಇದ್ದರೆ ಮುಗಿದಂತೆ. ಇನ್ನೂ ಇಳಿಯುತ್ತಿದ್ದರೆ ಬಾಟಲಿ ಮುಟ್ಟಬೇಡಿ. ಅಳತೆಗೆ ತೆಗೆದದ್ದನ್ನು ಡ್ರಮ್ಮಿಗೆ ವಾಪಸ್ ಸುರಿಯದೆ ಕುಡಿದು ನೋಡಿ. ಬೆಚ್ಚಗೆ, ಸಪ್ಪೆ, ಆದರೆ ಬಿಯರ್ ಎಂದು ಗೊತ್ತಾಗುತ್ತದೆ. ವಿನಿಗರ್ ಹುಳಿ ಇದ್ದರೆ ಅಥವಾ ಮೇಲೆ ಸುಕ್ಕುಗಟ್ಟಿದ ಬಿಳಿ ಪೊರೆ ಇದ್ದರೆ ಕೆಟ್ಟಿದೆ, ಚೆಲ್ಲಿ.

ಆಲ್ಕೋಹಾಲ್ ಲೆಕ್ಕ ಸುಲಭ. ಮೊದಲಿನದರಿಂದ ಕೊನೆಯದು ಕಳೆದು 131ರಿಂದ ಗುಣಿಸಿ. 1.040 ಇದ್ದದ್ದು 1.010ಕ್ಕೆ ಬಂದರೆ 0.030, ಅಂದರೆ ಸುಮಾರು ಶೇ. 3.9. ಬಾಟಲಿಗೆ ಹಾಕುವ ಸಕ್ಕರೆಯಿಂದ ಇನ್ನೂ ಸುಮಾರು ಶೇ. 0.5ರಷ್ಟು ಏರುತ್ತದೆ.

ಹಂತ 5: ಬಾಟಲಿ

ಬಿಯರಿಗೆ ಗ್ಯಾಸ್ ಬರುವುದು ಬಾಟಲಿಯೊಳಗೆ. ಪ್ರತಿ ಬಾಟಲಿಗೆ ಅಳೆದ ಸಕ್ಕರೆ ಹಾಕಿ ಮುಚ್ಚಿದರೆ ಉಳಿದಿರುವ ಯೀಸ್ಟ್ ಅದನ್ನು ತಿಂದು ಇಂಗಾಲದ ಡೈ ಆಕ್ಸೈಡ್ ಬಿಡುತ್ತದೆ. ಇದಕ್ಕೆ ಪ್ರೈಮಿಂಗ್ ಎನ್ನುತ್ತಾರೆ. ಲೀಟರಿಗೆ 8 ಗ್ರಾಂ, ಅಂದರೆ 740 ಮಿಲಿ ಬಾಟಲಿಗೆ 6 ಗ್ರಾಂ. ಕಾರ್ಬೊನೇಷನ್ ಡ್ರಾಪ್ಸ್ ಎಂಬ ಸಕ್ಕರೆ ಗುಳಿಗೆ ಬಳಸಿದರೆ ದೊಡ್ಡ ಬಾಟಲಿಗೆ ಎರಡು, 375 ಮಿಲಿಗೆ ಒಂದು. ಕಣ್ಣಳತೆ ಇಲ್ಲಿ ಬೇಡ. "ಇನ್ನೊಂದು ಚೂರು ಇರಲಿ" ಅಂತ ಹಾಕುವ ಚಮಚವೇ ಬಾಟಲಿ ಒಡೆಯುವುದು. ಹುದುಗು ಮುಗಿಯದ ಬಿಯರಿಗೆ ಸಕ್ಕರೆಯೂ ಸೇರಿದರೆ ಗಾಜು ಸಿಡಿದು ಚೂರು ಗೋಡೆಗೆ ಹೊಡೆಯುತ್ತದೆ, ಕಣ್ಣಿಗೂ ಹೊಡೆಯಬಹುದು.

ಅದಕ್ಕೇ ಮೊದಲ ಸಲ ಪ್ಲಾಸ್ಟಿಕ್ ಬಾಟಲಿ ತಗೊಳ್ಳಿ. ಹಿಚುಕಿ ನೋಡಿದರೆ ಗ್ಯಾಸ್ ಎಷ್ಟು ಬಂದಿದೆ ಅಂತಲೂ ತಿಳಿಯುತ್ತದೆ. ಗಾಜೇ ಬೇಕೆಂದರೆ ಓಪನರ್ ಬೇಕಾಗುವ ದಪ್ಪ ಕಂದು ಬಾಟಲಿ ಮಾತ್ರ. ಕೈಯಲ್ಲಿ ತಿರುಗಿಸುವ ತೆಳು ಬಾಟಲಿ, ಸಾಸ್ ಬಾಟಲಿ, ವೈನ್ ಬಾಟಲಿ ಯಾವುದೂ ಆ ಒತ್ತಡ ತಡೆಯುವುದಿಲ್ಲ.

ಕೊಳವೆಯನ್ನು ಬಾಟಲಿಯ ತಳಕ್ಕೆ ಮುಟ್ಟಿಸಿ ಮೆಲ್ಲಗೆ ತುಂಬಿ. ಶುರುವಿನಲ್ಲಿ ಬೇಕೆಂದು ಹಾಕಿದ ಆಮ್ಲಜನಕ ಈಗ ಬಿಯರನ್ನು ಹಾಳು ಮಾಡುತ್ತದೆ, ಸದ್ದು ಮಾಡಿ ಸುರಿದರೆ ಕೆಲವೇ ವಾರಗಳಲ್ಲಿ ಒದ್ದೆ ರಟ್ಟಿನ ರುಚಿ ಬರುತ್ತದೆ. ಮೇಲೆ ಎರಡು ಬೆರಳು ಜಾಗ ಬಿಟ್ಟು ಮುಚ್ಚಿ, ಒಮ್ಮೆ ಬುಡಮೇಲು ಮಾಡಿ ಇಡಿ. ಡ್ರಮ್ಮಿನ ತಳದ ಗಸಿ ಬರಲು ಶುರುವಾದರೆ ಅಲ್ಲಿಗೆ ನಿಲ್ಲಿಸಿ, ಕೊನೆಯ ಬಾಟಲಿಯ ಆಸೆಗೆ ಡ್ರಮ್ ವಾಲಿಸಬೇಡಿ.

ಹಂತ 6: ಕಾಯುವುದು

18 ಡಿಗ್ರಿಗಿಂತ ಮೇಲೆ, ಕತ್ತಲಲ್ಲಿ, ಎರಡು ವಾರ. ತುಂಬಿದ ಕೂಡಲೇ ಫ್ರಿಜ್ಜಿನಲ್ಲಿಟ್ಟರೆ ಯೀಸ್ಟ್ ಮಲಗುತ್ತದೆ, ಗ್ಯಾಸ್ ಬರುವುದಿಲ್ಲ. ಬಿಸಿಲು ಬಿದ್ದರೆ ಹಾಪ್ಸಿನ ಅಂಶ ಕೆಟ್ಟು ಗಬ್ಬು ನಾರುತ್ತದೆ, ಆದ್ದರಿಂದ ಪೆಟ್ಟಿಗೆಯಲ್ಲಿಟ್ಟು ಮೇಲೆ ಕಂಬಳಿ ಹೊದಿಸಿ. ಗಾಜಿನ ಬಾಟಲಿ ಆದರೆ ಮುಚ್ಚಳ ಇರುವ ಪೆಟ್ಟಿಗೆಯೇ ಬೇಕು, ಮಕ್ಕಳು ಓಡಾಡುವ ಜಾಗ ಬೇಡ. ಎರಡು ವಾರಕ್ಕೆ ಒಂದು ತೆಗೆದು ನೋಡಿ, ಉಳಿದದ್ದನ್ನು ಇನ್ನೂ ಒಂದು ತಿಂಗಳು ಮುಟ್ಟದಿದ್ದರೆ ರುಚಿ ಗಣನೀಯವಾಗಿ ಸುಧಾರಿಸುತ್ತದೆ. ಸ್ಟೌಟಿಗೆ ಇನ್ನೂ ಜಾಸ್ತಿ ತಾಳ್ಮೆ ಬೇಕು.

ಬಾಟಲಿಯ ತಳದಲ್ಲಿ ತೆಳುವಾದ ಯೀಸ್ಟ್ ಗಸಿ ಕೂರುತ್ತದೆ. ಕುಡಿದರೆ ತೊಂದರೆಯಿಲ್ಲ, ಕೆಲವರಿಗೆ ಹೊಟ್ಟೆ ಉಬ್ಬರಿಸುತ್ತದೆ ಅಷ್ಟೇ. ಫ್ರಿಜ್ಜಿನಲ್ಲಿ ಒಂದು ದಿನ ನೆಟ್ಟಗೆ ನಿಲ್ಲಿಸಿ, ಜಗ್ಗಿಗೆ ಒಂದೇ ಸಲಕ್ಕೆ ನಿಧಾನವಾಗಿ ಬಗ್ಗಿಸಿ, ಕೊನೆಯ ಒಂದಂಗುಲ ಬಾಟಲಿಯಲ್ಲೇ ಬಿಡಿ. ಖಾಲಿಯಾದ ಬಾಟಲಿಗೆ ತಕ್ಷಣ ಅರ್ಧ ನೀರು ಹಾಕಿ ಕುಲುಕಿ ಎರಡು ಮೂರು ಸಲ ಜಾಲಿಸಿ ಬೋರಲು ಹಾಕಿಬಿಡಿ. ಬೆಳಿಗ್ಗೆ ನೋಡಿಕೊಳ್ಳೋಣ ಎಂದು ಬಿಟ್ಟರೆ ಗಸಿ ಒಣಗಿ ಹಿಡಿದುಕೊಳ್ಳುತ್ತದೆ, ಆಮೇಲೆ ಬ್ರಷ್ ಇಲ್ಲದೆ ಬಿಡುವುದಿಲ್ಲ.